ಉಪ್ಪೆಲ್ಲಿ ಹೋತು

ಮರಡಿಹಳ್ಳಿಯಲ್ಲಿ ನನ್ನ ಕೆಲಸ ದಿಂಬು ಕಾಯುವುದು.
ನಗಬೇಡಿ. ತಂತಿಬೇಲಿ, ಒಂದು ಗೇಟು, ಒಂದು ಬೋರ್ಡು,
ಬೋರ್ಡಿನ ನೆರಳಲ್ಲಿ ನನ್ನ ಬುತ್ತಿ.
ಬೇಲಿಯೊಳಗೆ ಒಂದಕ್ಕೊಂದು ಒರಗಿದ
ಹಸಿರುಗಪ್ಪು ಕಲ್ಲಿನ ದಿಂಬುಗಳು,
ಮದುವೆ ಮುಗಿದ ಮನೆಯ ಮೂಲೆಯಲ್ಲಿ ಒಟ್ಟಿದ ಹಾಗೆ.

ಬಂದವರಿಗೆ ಒಪ್ಪಿಸುತ್ತೇನೆ, ಬಾಯಿಪಾಠ:
ಇಲ್ಲಿ ಸಮುದ್ರ ಇತ್ತು ಸಾರ್. ತಳ ಬಿರಿದು
ಕೆಂಡದ ಗಂಜಿ ಉಕ್ಕಿತು. ತಣ್ಣೀರು ತಾಕಿದ್ದೇ ತಡ
ಸಿಪ್ಪೆ ಕಟ್ಟಿತು. ಒಳಗಿನದು ಸಿಪ್ಪೆ ಒಡೆದು
ಪಕ್ಕದಲ್ಲಿ ಉಬ್ಬಿತು, ಮತ್ತೆ ಸಿಪ್ಪೆ,
ಹೀಗೆ ಇಷ್ಟೂ.
ಇನ್ನೂರೈವತ್ತು ಕೋಟಿ ವರ್ಷ ಆಯ್ತು ಸಾರ್.
ಅವರು ಓಹೋ ಅಂದು, ಫೋಟೊ ತೆಗೆಸಿಕೊಂಡು
ಹಿರಿಯೂರಿನ ಕಡೆ ಊಟಕ್ಕೆ ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ಹುಚ್ಚಂಗಮ್ಮ ಬಂದಳು,
ಬೀಸುಕಲ್ಲಿಗೆ ಮುಳ್ಳು ಹೊಡೆಯುವವಳು.
ಹೆಗಲ ಚೀಲದಲ್ಲಿ ಎರಡು ಉಳಿ, ಒಂದು ಸುತ್ತಿಗೆ.
ಐಮಂಗಲದಲ್ಲಿ ಮೂರು ಬೀದಿ ಕೂಗಿದರೂ
ಸಿಕ್ಕಿದ್ದು ಒಂದೇ ಒಂದು ಒಳಕಲ್ಲಂತೆ.
ಮಿಕ್ಕವರ ಕಲ್ಲು ನಲ್ಲಿಯ ಬುಡದಲ್ಲಿ ಬಿದ್ದಿವೆ,
ಮೇಲೆ ನಿಂತು ಕಾಲು ತೊಳೆಯುತ್ತಾರೆ.

ನೆರಳು ಕೇಳಿದಳು, ಗೇಟು ತೆಗೆದೆ.
ನನ್ನ ಪಾಠ ಅವಳಿಗೂ ಶುರು ಹಚ್ಚಿದೆ.
ಸಮುದ್ರ ಎಂಬಲ್ಲಿ ಕೈ ಅಡ್ಡ ಹಿಡಿದಳು.
"ಸಮುದ್ರ ಇತ್ತು ಅಂದ್ಮ್ಯಾಲೆ ಉಪ್ಪೆಲ್ಲಿ ಹೋತು?"

ಬೋರ್ಡಿನಲ್ಲಿ ಅದು ಬರೆದಿಲ್ಲ.
ನಾನು ತಡವರಿಸುವಷ್ಟರಲ್ಲಿ ಬಗ್ಗಿ
ದಿಂಬೊಂದರ ಅಂಚಿಗೆ ನಾಲಿಗೆ ಇಟ್ಟಳು,
ಕಣ್ಣು ಮುಚ್ಚಿ, ಸಾರಿನ ರುಚಿ ನೋಡುವಂತೆ.
"ಸಪ್ಪೆ."

ಆಮೇಲೆ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು.
(ಉಳಿ ತೆಗೆದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.)
"ಬೀಸಾಕೆ ಬರಲ್ಲ ಇದು, ಮೆತ್ತಗೈತೆ.
ರಾಗಿಗಿಂತ ಮುಂಚೆ ತಾನೇ ಹಿಟ್ಟಾಗ್ತದೆ.
ದುರ್ಗದ ಕಲ್ಲೇ ಸೈ."

ಬಿಡುವೆನೆ? ದುರ್ಗದ ಕಲ್ಲಿನ ಕಥೆಯನ್ನೂ ಬಿಚ್ಚಿದೆ,
ಹೋದ ವರ್ಷ ಬಂದಿದ್ದ ಮೇಡಂ ಒಬ್ಬರು ಹೇಳಿದ್ದು:
ಆ ಬಂಡೆ ಹೆಪ್ಪುಗಟ್ಟಿದ್ದು ಮೈಲಿಗಟ್ಟಲೆ ಆಳದಲ್ಲಿ,
ಕತ್ತಲಲ್ಲಿ, ಬಲು ನಿಧಾನಕ್ಕೆ.
ಮೇಲೆ ಬೇರೊಂದು ಬೆಟ್ಟವೇ ಇತ್ತು.
ಗಾಳಿ ಮಳೆ ಬಿಸಿಲು ಸೇರಿ ಅದನ್ನು
ದಿನಕ್ಕೊಂದು ಚಿಟಿಕೆಯಂತೆ ಸಾಗಿಸಿದ ಮೇಲೆ
ಅಡಿಯಲ್ಲಿದ್ದದ್ದು ಬೆಳಕಿಗೆ ಬಿತ್ತು.
ಅದರ ಮೇಲೆ ಅರಸರು ಕೋಟೆ ಕಟ್ಟಿದರು.
ಈಗಲೂ ಈರುಳ್ಳಿಯಂತೆ ಪದರ ಬಿಡುತ್ತಲೇ ಇದೆ.
ಉದುರಿದ ಮರಳು ಹಳ್ಳಕ್ಕೆ, ಹಳ್ಳ ವೇದಾವತಿಗೆ,
ಅಲ್ಲಿಂದ ಯಾವುದೋ ಸಮುದ್ರದ ತಳಕ್ಕೆ.

ಹುಚ್ಚಂಗಮ್ಮ ಕಡ್ಡಿಯಿಂದ ಹಲ್ಲು ಕೆದಕುತ್ತ ಕೇಳಿದಳು.
ಬೆರಗೇನೂ ಕಾಣಲಿಲ್ಲ.
"ನಮ್ಮತ್ತೆ ಕಲ್ಲು ಗೇಣು ದಪ್ಪ ಇತ್ತು.
ಸವೆದಾಗೆಲ್ಲ ಮುಳ್ಳು ಹೊಡದೆ,
ಮುಳ್ಳು ಹೊಡದಾಗೆಲ್ಲ ಸವೀತು.
ಈಗ ನಾಕು ಬೆರಳು.
ಮಿಕ್ಕಿದ್ದು ಎಲ್ಲಿಗೋತು, ಹೇಳು?"
ಹೊಟ್ಟೆ ತೋರಿಸಿದಳು. ತನ್ನದಲ್ಲ, ನನ್ನದು.

ಬುತ್ತಿ ಬಿಚ್ಚಿದೆವು. ನನ್ನ ರೊಟ್ಟಿ ಮಿಲ್ಲಿನ ಹಿಟ್ಟಿನದು.
ಅವಳು ಮುರಿದುಕೊಟ್ಟ ಅರ್ಧದಲ್ಲಿ
ಎಲ್ಲೋ ಒಂದು ಕಡೆ ಕರಕ್ ಅಂದಿತು.
ಉಗಿಯಲು ಎದ್ದವನು
ಯಾಕೋ ನುಂಗಿದೆ.

ನೆತ್ತಿಯ ಬಿಸಿಲು ಇಳಿದ ಮೇಲೆ ಹೊರಟಳು,
"ಕಲ್ಲಿಗೆ ಮುಳ್ಳೂ..." ಎಂದು ಖಾಲಿ ಹೊಲಕ್ಕೇ ಒಮ್ಮೆ ಕೂಗಿ,
ಗಂಟಲು ಸರಿ ಇದೆಯೋ ಇಲ್ಲವೋ ನೋಡಲೇನೋ.

ಈಗ ಬಂದವರಿಗೆ ಪಾಠದ ಕೊನೆಗೆ ಒಂದು ಸೇರಿಸುತ್ತೇನೆ:
ಬೇಕಾದರೆ ರುಚಿ ನೋಡಿ ಸಾರ್.
ಇಲ್ಲಿಯವರೆಗೆ ಯಾರೂ ನೋಡಿಲ್ಲ.
ನಿನ್ನೆ ಸಂಜೆ ಗೇಟಿಗೆ ಬೀಗ ಹಾಕಿ, ಆಚೀಚೆ ನೋಡಿ,
ನಾನೇ ಬಗ್ಗಿದೆ.
ಕಲ್ಲು ಇನ್ನೂ ಬಿಸಿ ಇತ್ತು, ಆಗಷ್ಟೇ ಉಕ್ಕಿದಂತೆ.
ಕೊಂಚ ಉಪ್ಪು ಹತ್ತಿತು ನಾಲಿಗೆಗೆ.
ನನ್ನ ಮೀಸೆಯ ಬೆವರಿರಬೇಕು.